ಮೂರು ವೈರು, ಒಂದು ಫ್ಯಾನು ಮತ್ತು ನನ್ನ ತಿಂಗಳ ಗಳಿಕೆ

ನನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಇನ್ನೂರಕ್ಕೂ ಜಾಸ್ತಿ ವಿಡಿಯೋಗಳಿವೆ. ಆದರೆ ಆರು ವರ್ಷ ನನ್ನನ್ನು ಸಾಕಿದ್ದು ಅವುಗಳಲ್ಲಿ ಒಂದೇ ಒಂದು. ಸೀಲಿಂಗ್ ಫ್ಯಾನ್ ನಿಧಾನವಾಗಿ ತಿರುಗುತ್ತಿದ್ದರೆ ಅದರ ಕೆಪಾಸಿಟರ್ (ಮೋಟಾರಿಗೆ ಒತ್ತು ಕೊಡುವ ಸಣ್ಣ ಡಬ್ಬಿ) ಬದಲಾಯಿಸುವುದು ಹೇಗೆ ಅನ್ನುವ ನಾಲ್ಕು ನಿಮಿಷದ ವಿಡಿಯೋ.

ಅದಕ್ಕೆ ನಾನು ತಲೆ ಕೆಡಿಸಿಕೊಂಡಿದ್ದೇ ಇಲ್ಲ. ಒಂದು ಭಾನುವಾರ ಫ್ಯಾನ್ ಕೆಟ್ಟಿತ್ತು. ಹೇಗೂ ಬಿಚ್ಚಬೇಕಲ್ಲ ಅಂತ ಫೋನನ್ನು ಬೀರುವಿನ ಬಾಗಿಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ರೆಕಾರ್ಡ್ ಒತ್ತಿ, ಸ್ಟೂಲ್ ಹತ್ತಿದೆ. ನನ್ನ ಮುಖ ಅದರಲ್ಲಿ ಒಮ್ಮೆಯೂ ಬಂದಿಲ್ಲ. ಬರೀ ಕೈ. ನಡುವೆ ಒಂದು ಸ್ಕ್ರೂ ಬಿದ್ದು ಉರುಳಿದ ಸದ್ದು, ನಾನು ಗೊಣಗಿದ್ದು, ಎಲ್ಲಾ ಹಾಗೇ ಇದೆ. ಎಡಿಟ್ ಕೂಡ ಮಾಡದೆ ಹಾಕಿಬಿಟ್ಟೆ. ಅದೇ ತಿಂಗಳು ಮೂರು ವಾರ ಕೂತು ವಿದ್ಯುತ್ ಮೋಟಾರ್ ಹುಟ್ಟಿದ್ದು ಹೇಗೆ ಅಂತ ಒಂದು ದೊಡ್ಡ ವಿಡಿಯೋ ಮಾಡಿದ್ದೆ. ವಿಜ್ಞಾನಿ ಫ್ಯಾರಡೇಯಿಂದ ಶುರು. ಚಿತ್ರ, ಸಂಗೀತ, ಬರೆದಿಟ್ಟುಕೊಂಡ ಮಾತು, ಏನೂ ಕಮ್ಮಿ ಇರಲಿಲ್ಲ. ಅದನ್ನು ಕೊನೆವರೆಗೂ ನೋಡಿದವರೆಲ್ಲ ಸೇರಿದರೆ ಒಂದು ಬಸ್ಸು ತುಂಬಬಹುದು, ಅಷ್ಟೇ.

ವಿಡಿಯೋ ಮಾಡುವವರಿಗೆ ಒಂದು ಗ್ರಾಫ್ ಕಾಣುತ್ತದೆ. ಎಷ್ಟು ಜನ ಯಾವ ಸೆಕೆಂಡಿನವರೆಗೆ ನೋಡಿದರು ಅನ್ನುವುದರ ಗ್ರಾಫ್. ಫ್ಯಾನ್ ವಿಡಿಯೋದ ಗ್ರಾಫ್ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ನಾನು ನಮಸ್ಕಾರ ಹೇಳುತ್ತೇನೆ, ಗೆರೆ ದಬಕ್ಕನೆ ಬೀಳುತ್ತದೆ. ನನ್ನ ನಮಸ್ಕಾರ ಯಾರಿಗೂ ಬೇಕಿಲ್ಲ. ಆಮೇಲೆ ಗೆರೆ ಸಮನಾಗಿ ಹೋಗುತ್ತದೆ. ಸರಿಯಾಗಿ 2 ನಿಮಿಷ 10ನೇ ಸೆಕೆಂಡಿನಲ್ಲಿ ಅದು ಒಂದು ಉಬ್ಬು ಏಳುತ್ತದೆ. ಉಬ್ಬು ಅಂದರೆ ಜನ ಹಿಂದಕ್ಕೆ ಹೋಗಿ ಅದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ ಅಂತ. ಆ ಕ್ಷಣದಲ್ಲಿ ನನ್ನ ಬೆರಳುಗಳ ನಡುವೆ ಮೂರು ವೈರ್ ಇವೆ. ಯಾವುದು ಎಲ್ಲಿಗೆ ಅಂತ ತೋರಿಸುತ್ತಿದ್ದೇನೆ.

ಆ ಉಬ್ಬು ನೋಡಿದಾಗಲೆಲ್ಲ ಖುಷಿಯಾಗುತ್ತಿತ್ತು. ಎಲ್ಲೋ ಯಾರೋ ಸ್ಟೂಲ್ ಮೇಲೆ ನಿಂತು, ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ನನ್ನ ವಿಡಿಯೋವನ್ನು ಹತ್ತು ಸೆಕೆಂಡ್ ಹಿಂದಕ್ಕೆ ತಳ್ಳುತ್ತಿದ್ದಾರೆ.

ದಿನಕ್ಕೆ ಇಷ್ಟು ಜನ ಅಂತ ತಪ್ಪದೆ ಬರುತ್ತಿದ್ದರು. ನಾನು ಮಲಗಿದ್ದರೂ ಬರುತ್ತಿದ್ದರು, ಜ್ವರ ಬಂದು ಎರಡು ವಾರ ಏನೂ ಹಾಕದಿದ್ದರೂ ಬರುತ್ತಿದ್ದರು. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನನ್ನ ಒಟ್ಟು ಗಳಿಕೆಯ ಅರ್ಧಕ್ಕಿಂತ ಹೆಚ್ಚು ಆ ನಾಲ್ಕು ನಿಮಿಷದಿಂದಲೇ ಬರುತ್ತಿತ್ತು. ನಾನದನ್ನು ಪಿಂಚಣಿ ಅಂತಲೇ ಕರೆಯುತ್ತಿದ್ದೆ. ಆ ಪಿಂಚಣಿ ನಂಬಿಕೊಂಡು ಇದ್ದ ಕೆಲಸವನ್ನೂ ಬಿಟ್ಟೆ.

ಕಳೆದ ಎರಡು ವರ್ಷದಿಂದ ಅದು ಕರಗುತ್ತಿದೆ.

ದುಡ್ಡಿನ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಒಂದು ವ್ಯೂಗೆ ಎಷ್ಟು ಕೊಡ್ತಾರೆ? ವ್ಯೂಗೆ ಯಾರೂ ಏನೂ ಕೊಡುವುದಿಲ್ಲ. ಜಾಹೀರಾತು ತೋರಿಸಿದರೆ ಜಾಹೀರಾತುದಾರ ಕೊಡುತ್ತಾನೆ. ಸಾವಿರ ಸಲ ತೋರಿಸಲು ಅವನು ಕೊಡುವುದು ಸಿಪಿಎಂ. ಸಾವಿರ ವ್ಯೂಗೆ ನಮ್ಮ ಕೈಗೆ ಬರುವುದು ಆರ್‌ಪಿಎಂ. ಎರಡಕ್ಕೂ ತುಂಬಾ ಅಂತರ. ಜಾಹೀರಾತೇ ಬಾರದ ವ್ಯೂಗಳೂ ಲೆಕ್ಕಕ್ಕೆ ಸೇರುತ್ತವೆ, ವೇದಿಕೆಯ ಪಾಲೂ ಕಳೆದಿರುತ್ತದೆ. ಯೂಟ್ಯೂಬ್‌ನಲ್ಲಿ ದೊಡ್ಡ ವಿಡಿಯೋಗಳ ಜಾಹೀರಾತಿನ ದುಡ್ಡಿನಲ್ಲಿ 55% ಮಾಡಿದವರಿಗೆ, 45% ಕಂಪನಿಗೆ.

ರೇಟು ಹರಾಜಿನಲ್ಲಿ ತೀರ್ಮಾನವಾಗುತ್ತದೆ. ಸಾಲ, ವಿಮೆ, ಷೇರು ಬಗ್ಗೆ ಮಾತಾಡುವವರ ವಿಡಿಯೋಗೆ ಒಳ್ಳೆ ರೇಟು, ಏಕೆಂದರೆ ಆ ನೋಡುಗರನ್ನು ಹಿಡಿಯಲು ಬ್ಯಾಂಕುಗಳು ಪೈಪೋಟಿಗೆ ಬೀಳುತ್ತವೆ. ತಮಾಷೆ ಮಾಡುವವರಿಗೆ, ಹಾಡು ಹೇಳುವವರಿಗೆ ಕಮ್ಮಿ. ಡಿಸೆಂಬರ್‌ನಲ್ಲಿ ಕಂಪನಿಗಳು ವರ್ಷದ ಬಜೆಟ್ ಖಾಲಿ ಮಾಡುತ್ತವೆ, ರೇಟು ಏರುತ್ತದೆ. ಜನವರಿಯಲ್ಲಿ ಧಡಾರನೆ ಇಳಿಯುತ್ತದೆ. ಅದೇ ವಿಡಿಯೋ, ಅದೇ ಜನ, ಅದೇ ಫ್ಯಾನು. ಮೊದಲ ವರ್ಷ ಜನವರಿಯಲ್ಲಿ ನನ್ನಿಂದ ಏನೋ ತಪ್ಪಾಗಿದೆ ಅಂದುಕೊಂಡು ಮೂರು ವಿಡಿಯೋಗಳ ಥಂಬ್‌ನೇಲ್, ಅಂದರೆ ಮುಖಚಿತ್ರ, ಬದಲಾಯಿಸಿದ್ದೆ!

ಅಂದರೆ ಇಲ್ಲಿ ನಾನು ಮಾರುವ ವಸ್ತು ಅಂತ ಏನೂ ಇಲ್ಲ. ನೋಡುವವರು ನನಗೆ ಕೊಡುವುದಿಲ್ಲ. ಕೊಡುವವರಿಗೆ ನಾನು ಯಾರು ಅಂತ ಗೊತ್ತಿಲ್ಲ. ಇಬ್ಬರ ನಡುವೆ ಹಾಯುವಾಗ ನನ್ನ ಬಟ್ಟಲಿಗೆ ನಾಲ್ಕು ಹನಿ ಬೀಳುತ್ತದೆ. ಬಟ್ಟಲನ್ನು ಎಲ್ಲಿಡಬೇಕು ಅನ್ನುವುದು ಕೂಡ ನನ್ನ ಕೈಯಲ್ಲಿಲ್ಲ.

ಅದು ಮೊದಲಿಂದಲೂ ಹಾಗೇ ಇತ್ತು ಅನ್ನಿ. ಯೂಟ್ಯೂಬ್‌ಗೆ ಮೊದಲ ವಿಡಿಯೋ ಬಿದ್ದಿದ್ದು 2005ರ ಏಪ್ರಿಲ್ 23ಕ್ಕೆ. 19 ಸೆಕೆಂಡು, ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತಾಡಿದ ಒಬ್ಬ ಹುಡುಗ. ಮರುವರ್ಷವೇ ಗೂಗಲ್ ಯೂಟ್ಯೂಬನ್ನು 165 ಕೋಟಿ ಡಾಲರ್‌ಗೆ ಕೊಂಡಿತು. ವಿಡಿಯೋ ಹಾಕಿದವರಿಗೂ ಪಾಲು ಕೊಡುವ ಏರ್ಪಾಡು ಶುರುವಾಗಿದ್ದು 2007ರಲ್ಲಿ, ಅದೂ ಆಯ್ದ ಕೆಲವರಿಗೆ. 2012ರ ತನಕ ಎಷ್ಟು ಜನ ಒತ್ತಿದರು ಅನ್ನುವುದೇ ದೊಡ್ಡದು. ಆ ವರ್ಷ ಲೆಕ್ಕ ತಿರುಗಿತು, ಎಷ್ಟು ಹೊತ್ತು ನೋಡಿದರು ಅನ್ನುವುದು ಮುಖ್ಯವಾಯಿತು. ಎರಡು ನಿಮಿಷದ ವಿಡಿಯೋ ಮಾಡುತ್ತಿದ್ದವರೆಲ್ಲ ಎಳೆದು ಹತ್ತು ನಿಮಿಷ ಮಾಡತೊಡಗಿದರು. 2017ರಲ್ಲಿ ತಮ್ಮ ಜಾಹೀರಾತು ಉಗ್ರರ ವಿಡಿಯೋ ಪಕ್ಕದಲ್ಲಿ ಬರುತ್ತಿದೆ ಅಂತ ದೊಡ್ಡ ಕಂಪನಿಗಳು ಕೈ ಎತ್ತಿದವು. ಏಟು ಬಿದ್ದಿದ್ದು ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದವರಿಗೆ. 2018ರ ಶುರುವಿನಲ್ಲಿ 1,000 ಸಬ್‌ಸ್ಕ್ರೈಬರ್, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಇದ್ದರೆ ಮಾತ್ರ ಪಾಲು ಅಂತ ನಿಯಮ ಬಂತು. ಅಲ್ಲಿವರೆಗೆ ಚಿಲ್ಲರೆ ಕಾಣುತ್ತಿದ್ದ ಸಾವಿರಾರು ಸಣ್ಣ ಚಾನೆಲ್‌ಗಳಿಗೆ ಅದೂ ನಿಂತಿತು.

ಬೇರೆ ಕಡೆ ಇನ್ನೂ ಕಷ್ಟ. ವೈನ್ ಅಂತ ಒಂದು ಆ್ಯಪ್ ಇತ್ತು, ನೆನಪಿದೆಯಾ? ಆರು ಸೆಕೆಂಡಿನ ವಿಡಿಯೋ. 2013ರಲ್ಲಿ ಬಂತು. ಆರು ಸೆಕೆಂಡಿನಲ್ಲಿ ನಗಿಸುವುದನ್ನು ಒಂದು ಕಲೆಯಾಗಿ ಬೆಳೆಸಿದವರಿದ್ದರು, ಅವರಿಗೆ ಲಕ್ಷಾಂತರ ಅಭಿಮಾನಿಗಳಿದ್ದರು. ಆದರೆ ಜಾಹೀರಾತಿನ ಪಾಲು ಅನ್ನುವುದೇ ಅಲ್ಲಿರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಮುಚ್ಚುತ್ತೇವೆ ಅಂದರು, ಮುಂದಿನ ಜನವರಿಗೆ ಕಥೆ ಮುಗಿಯಿತು. ಟಿಕ್‌ಟಾಕ್ 2020ರಲ್ಲಿ ಕ್ರಿಯೇಟರ್ ಫಂಡ್ ಅಂತ, ವಿಡಿಯೋ ಮಾಡುವವರಿಗೆ ಹಂಚುವ ಒಂದು ನಿಧಿ ತಂದಿತು. ನಿಧಿ ಅಷ್ಟೇ ಇದ್ದು ತಿನ್ನುವ ಬಾಯಿ ಜಾಸ್ತಿಯಾದರೆ ತುತ್ತು ಸಣ್ಣದಾಗುತ್ತದೆ, ಹಾಗೇ ಆಯಿತು. 2023ರ ಡಿಸೆಂಬರ್‌ನಲ್ಲಿ ಅಮೆರಿಕ, ಬ್ರಿಟನ್, ಜರ್ಮನಿ, ಫ್ರಾನ್ಸ್‌ಗಳಲ್ಲಿ ಅದನ್ನು ನಿಲ್ಲಿಸಿ, ಒಂದು ನಿಮಿಷಕ್ಕಿಂತ ಉದ್ದದ ವಿಡಿಯೋಗೆ ಮಾತ್ರ ಕೊಡುವ ಬೇರೆ ಯೋಜನೆಗೆ ಜನರನ್ನು ಕಳಿಸಿದರು. ಚುಟುಕಾಗಿ ಹೇಳಿ ಅಂತ ಎಲ್ಲರಿಗೂ ಅಭ್ಯಾಸ ಮಾಡಿಸಿದವರೇ ಈಗ ಸ್ವಲ್ಪ ಎಳೆದು ಹೇಳಿ ಅಂದರು.

ಇದನ್ನೆಲ್ಲ ಓದಿಕೊಂಡೇ ನಾನು ಕೆಲಸ ಬಿಟ್ಟಿದ್ದು. ಆದರೂ ಧೈರ್ಯ ಇತ್ತು. ನಿಯಮ ಬದಲಾಗಲಿ, ರೇಟು ಇಳಿಯಲಿ, ಜನರ ಫ್ಯಾನ್ ಕೆಡುವುದು ನಿಲ್ಲುತ್ತದಾ? ಕೆಟ್ಟಾಗ ಹುಡುಕುವುದು ನಿಲ್ಲುತ್ತದಾ? ಇಲ್ಲ ತಾನೇ. ನನ್ನ ಲೆಕ್ಕ ಅಷ್ಟು ಸರಳವಾಗಿತ್ತು.

ಜನ ಹುಡುಕುವುದು ನಿಂತಿಲ್ಲ. ಈಗಲೂ ಹುಡುಕುತ್ತಾರೆ. ಉತ್ತರ ಸಿಗುವ ಜಾಗ ಮಾತ್ರ ಬದಲಾಗಿದೆ.

ಒಂದು ರಾತ್ರಿ ನಾನೇ ಹುಡುಕಿದೆ. ನನ್ನ ವಿಡಿಯೋ ನೋಡಲು ಬರುತ್ತಿದ್ದವರು ಯಾವ ಪದಗಳನ್ನು ಟೈಪ್ ಮಾಡುತ್ತಿದ್ದರೋ ಅದೇ ಪದಗಳು. ವಿಡಿಯೋಗಳ ಸಾಲಿಗಿಂತ ಮೇಲೆ, ಅಚ್ಚುಕಟ್ಟಾಗಿ ಎಐ ಬರೆದ ಉತ್ತರ ಬಂತು. ಮೇನ್ ಸ್ವಿಚ್ ಆಫ್ ಮಾಡಿ. ಮುಚ್ಚಳ ಬಿಚ್ಚಿ. ಹಳೆ ಕೆಪಾಸಿಟರ್ ಮೇಲೆ ಬರೆದ ಅಳತೆ (ಮೈಕ್ರೋಫ್ಯಾರಡ್) ನೋಡಿಕೊಂಡು ಅಷ್ಟರದ್ದೇ ತನ್ನಿ. ಎಲ್ಲಾ ಸರಿ. ಆಮೇಲೆ ವೈರ್‌ಗಳ ಬಣ್ಣ. ಕೆಂಪು ಇಲ್ಲಿಗೆ, ನೀಲಿ ಅಲ್ಲಿಗೆ, ಕಪ್ಪು ಇಲ್ಲಿಗೆ.

ಎದೆ ಧಸಕ್ ಅಂತು. ಏಕೆಂದರೆ ಅದು ನನ್ನದೇ ತಪ್ಪು.

ಆ ವಿಡಿಯೋದಲ್ಲಿ ನಾನು ತೋರಿಸಿದ್ದು ನನ್ನ ಮನೆಯ ಫ್ಯಾನಿನ ಬಣ್ಣ. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ. ಬಣ್ಣ ನಂಬಿ ಜೋಡಿಸಿದರೆ ಫ್ಯಾನ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೆಲವೊಮ್ಮೆ ಒಳಗಿನ ಕಾಯಿಲ್, ಅಂದರೆ ತಂತಿಯ ಸುರುಳಿ, ಬಿಸಿಯಾಗುತ್ತದೆ. ಸರಿಯಾದ ದಾರಿ ಅಂದರೆ ಮೀಟರ್ ಇಟ್ಟು ಅಳೆಯುವುದು. ಮೂರು ವೈರ್‌ಗಳಲ್ಲಿ ಎರಡೆರಡನ್ನು ಹಿಡಿದು ಅವುಗಳ ನಡುವಿನ ತಡೆ ಎಷ್ಟು ಓಮ್ ಅಂತ ನೋಡಬೇಕು. ಯಾವ ಜೋಡಿಯಲ್ಲಿ ಅತಿ ಜಾಸ್ತಿ ಬರುತ್ತದೋ, ಆ ಜೋಡಿಯನ್ನು ಬಿಟ್ಟು ಉಳಿದ ಒಂಟಿ ವೈರೇ ಕಾಮನ್, ಅಂದರೆ ಒಳಗಿನ ಎರಡೂ ಸುರುಳಿಗೆ ಸೇರಿದ್ದು. ಬಣ್ಣ ಯಾವುದೇ ಇರಲಿ. ವಿಡಿಯೋ ಹಾಕಿದ ನಾಲ್ಕನೇ ದಿನ ಒಬ್ಬರು ಕಮೆಂಟಿನಲ್ಲಿ ಬೈದ ಮೇಲೆ ಇದನ್ನೆಲ್ಲ ಬರೆದು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದ್ದೆ.

ಎಐ ಅದನ್ನು ನನ್ನಿಂದಲೇ ತೆಗೆದುಕೊಂಡಿತು ಅಂತ ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ. ಬಣ್ಣದ ತಪ್ಪು ನನ್ನೊಬ್ಬನದೇ ಅಲ್ಲ, ಹತ್ತಾರು ಜನ ಮಾಡಿದ್ದಾರೆ. ಆದರೆ ಹೇಳಿದ ಕ್ರಮ, ನಡುವೆ ಕೊಟ್ಟ ಎಚ್ಚರಿಕೆ, ಎಲ್ಲಾ ನಾನು ಆ ಸ್ಟೂಲ್ ಮೇಲೆ ನಿಂತು ಗೊಣಗಿದ ಹಾಗೇ ಇತ್ತು. ಪಿನ್ ಮಾಡಿದ ತಿದ್ದುಪಡಿ ಮಾತ್ರ ಇರಲಿಲ್ಲ. ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಹಾಗೆ. ತಿದ್ದಿದ್ದನ್ನು ಬಿಟ್ಟು ತಪ್ಪನ್ನು ಕೊಂಡುಹೋದ ಹಾಗಾಯಿತು.

ಆ ಉತ್ತರ ಓದಿದವನು ಕೆಳಗೆ ಬಂದು ನನ್ನ ವಿಡಿಯೋ ಒತ್ತುವುದಿಲ್ಲ. ಒತ್ತದಿದ್ದರೆ ಜಾಹೀರಾತಿಲ್ಲ. ಜಾಹೀರಾತಿಲ್ಲದಿದ್ದರೆ ಪಾಲೂ ಇಲ್ಲ. ನೋಡುಗ ಮಾಡಿದ್ದರಲ್ಲಿ ತಪ್ಪೇನಿಲ್ಲ. ನಾನೂ ಈಗ ಎಷ್ಟೋ ವಿಷಯಕ್ಕೆ ಹಾಗೇ ಮಾಡುತ್ತೇನೆ. ಇನ್ನೊಬ್ಬ ಬಡಪಾಯಿಯ ಪಿಂಚಣಿ ಕರಗಿಸುತ್ತಿದ್ದೇನೆ ಅಂತ ನೆನಪೇ ಆಗುವುದಿಲ್ಲ.

ಎಐ ಅಂದ ತಕ್ಷಣ ಜನ ಹೆದರುವುದು ಬೇರೆಯದಕ್ಕೆ. ಗೂಗಲ್‌ನ ವಿಯೋ 3, ಓಪನ್‌ಎಐನ ಸೋರಾ ಆ್ಯಪ್, ಎರಡೂ 2025ರಲ್ಲಿ ಬಂದವು. ನಾಲ್ಕು ಸಾಲು ಬರೆದರೆ ಇಂಥವು ಮಾತು, ಸದ್ದು ಎಲ್ಲಾ ಸೇರಿಸಿ ವಿಡಿಯೋ ಮಾಡಿಕೊಡುತ್ತವೆ. ಇನ್ನು ಕ್ಯಾಮೆರಾ ಹಿಡಿಯುವವರ ಗತಿ ಏನು ಅಂತ ಕೇಳುತ್ತಾರೆ. ನನಗೆ ಅದರ ಭಯ ಅಷ್ಟಾಗಿ ಇಲ್ಲ. ಒಂದೇ ಅಚ್ಚಿನ ವಿಡಿಯೋಗಳನ್ನು ರಾಶಿ ರಾಶಿ ಹಾಕುವವರಿಗೆ ದುಡ್ಡು ಕೊಡುವುದಿಲ್ಲ ಅನ್ನುವ ಹಳೆ ನಿಯಮವನ್ನು ಯೂಟ್ಯೂಬ್ 2025ರ ಜುಲೈನಲ್ಲಿ ಇನ್ನಷ್ಟು ಬಿಡಿಸಿ ಬರೆಯಿತು. ಜರಡಿಯಲ್ಲಿ ಎಷ್ಟು ನಿಲ್ಲುತ್ತದೋ ನೋಡಬೇಕು. ನನ್ನ ಚಿಂತೆ ಎಐ ವಿಡಿಯೋ ಮಾಡುತ್ತದೆ ಅನ್ನುವುದಲ್ಲ. ವಿಡಿಯೋ ನೋಡುವ ಅಗತ್ಯವನ್ನೇ ಅದು ತೆಗೆಯುತ್ತಿದೆ ಅನ್ನುವುದು.

ಡಬ್ಬಿಂಗ್ ಇನ್ನೊಂದು ಕಥೆ. ಭಾಷೆ ನಮಗೆಲ್ಲ ಒಂದು ಬೇಲಿಯಾಗಿತ್ತು. ದೊಡ್ಡ ಭಾಷೆಯ ದೊಡ್ಡ ಚಾನೆಲ್‌ಗಳು ಬೇಲಿಯ ಆಚೆ ಮೇಯುತ್ತಿದ್ದವು, ಈಚೆ ನಮ್ಮದೊಂದು ಸಣ್ಣ ಹಿತ್ತಲು. 2024ರ ಕೊನೆಯಿಂದ ಯೂಟ್ಯೂಬ್‌ನ ತಾನಾಗೇ ಡಬ್ ಮಾಡುವ ಸೌಲಭ್ಯ ಲಕ್ಷಾಂತರ ಚಾನೆಲ್‌ಗಳಿಗೆ ಸಿಕ್ಕಿತು. ಎಲ್ಲಾ ಭಾಷೆಗೂ ಇನ್ನೂ ಬಂದಿಲ್ಲ, ದನಿಯೂ ಸ್ವಲ್ಪ ಮರಗಟ್ಟಿದ ಹಾಗಿರುತ್ತದೆ. ಆದರೆ ಬೇಲಿಯಲ್ಲಿ ಸಂದು ಬಿದ್ದಿದೆ. ಹತ್ತು ಜನರ ತಂಡ, ದುಬಾರಿ ಕ್ಯಾಮೆರಾ ಇಟ್ಟುಕೊಂಡವನು ನನ್ನ ನೋಡುಗರ ಭಾಷೆಯಲ್ಲೇ ಫ್ಯಾನ್ ರಿಪೇರಿ ಹೇಳಿಕೊಡುವ ದಿನ ದೂರ ಇಲ್ಲ.

ಸುಮ್ನೆ ಕೂರಲಿಲ್ಲ ನಾನು. ಎಲ್ಲರ ಹಾಗೆ ಶಾರ್ಟ್ಸ್, ಅಂದರೆ ಯೂಟ್ಯೂಬ್‌ನ ಚುಟುಕು ವಿಡಿಯೋ, ಮಾಡಿದೆ. ಅದೇ ಫ್ಯಾನ್, ಅದೇ ಕೆಪಾಸಿಟರ್, 40 ಸೆಕೆಂಡಿನಲ್ಲಿ. ಫ್ಯಾನ್ ವಿಡಿಯೋಗೆ ಆರು ವರ್ಷದಲ್ಲಿ ಬಂದಷ್ಟು ವ್ಯೂಸ್ ಮೂರು ವಾರದಲ್ಲಿ ಬಂತು. ಮನೆಯಲ್ಲಿ ಹಬ್ಬದ ಸಂಭ್ರಮ. ತಿಂಗಳ ಕೊನೆಗೆ ಬಂದ ದುಡ್ಡು ನೋಡಿ ಎಲ್ಲೋ ಒಂದು ಸೊನ್ನೆ ಕಾಣೆಯಾಗಿದೆ ಅಂದುಕೊಂಡೆ. ಕಾಣೆಯಾಗಿರಲಿಲ್ಲ. ಅಲ್ಲಿ ಲೆಕ್ಕವೇ ಬೇರೆ. ಶಾರ್ಟ್ಸ್‌ನಲ್ಲಿ ಜಾಹೀರಾತು ಯಾವ ಒಂದು ವಿಡಿಯೋಗೂ ಅಂಟಿಕೊಂಡಿರುವುದಿಲ್ಲ, ವಿಡಿಯೋಗಳ ನಡುವೆ ಬರುತ್ತದೆ. ಎಲ್ಲಾ ದುಡ್ಡು ಒಂದು ಹುಂಡಿಗೆ ಬೀಳುತ್ತದೆ. ಯಾರಿಗೆ ಎಷ್ಟು ವ್ಯೂಸ್ ಅಂತ ನೋಡಿ ಹಂಚುತ್ತಾರೆ. ಹಿನ್ನೆಲೆಗೆ ಒಂದು ಹಾಡು ಬಳಸಿದ್ದರೆ ಆ ವ್ಯೂಗಳ ಅರ್ಧ ಹಾಡಿನ ಹಕ್ಕಿಗೆ ಹೋಗುತ್ತದೆ. ಉಳಿದು ನಮ್ಮ ಹೆಸರಿಗೆ ಬಂದಿದ್ದರಲ್ಲಿ 45% ನಮಗೆ. ಈ ಪದ್ಧತಿ 2023ರ ಫೆಬ್ರವರಿಯಿಂದ ಇದೆ. ನಾನೋ, ಎಲ್ಲರೂ ಹಾಕ್ತಾರೆ ಅಂತ ಒಂದು ಹಾಡು ಬೇರೆ ಹಾಕಿದ್ದೆ.

ಸ್ಪಾನ್ಸರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಉಪಕರಣ ಕಂಪನಿಗೆ ಎರಡು ವಿಡಿಯೋ ಮಾಡಿಕೊಟ್ಟೆ. ಮೊದಲನೆಯದರ ದುಡ್ಡು ಬಂತು. ಎರಡನೆಯದನ್ನು ಕೇಳಿದಾಗಲೆಲ್ಲ ಸೋಮವಾರ ಅಂತಾರೆ. ಯಾವ ಸೋಮವಾರ ಅಂತ ನಾನೂ ಕೇಳುವುದು ಬಿಟ್ಟಿದ್ದೇನೆ.

ಹೀಗಿರುವಾಗ ಅಕ್ಕನ ಮಗ ಮನೆಗೆ ಬಂದ. ಇಪ್ಪತ್ತಮೂರು ವರ್ಷ. ರಾತ್ರಿ ಹೊತ್ತು ಗೇಮ್ ಆಡುತ್ತಾ ಲೈವ್ ಮಾಡುತ್ತಾನೆ. ನನ್ನ ಚಾನೆಲ್‌ನ ಕಾಲು ಭಾಗದಷ್ಟೂ ಸಬ್‌ಸ್ಕ್ರೈಬರ್ ಅವನಿಗಿಲ್ಲ.

"ಮಾಮ, ಕೆಲಸ ಬಿಡೋಣ ಅಂತಿದೀನಿ. ಅಮ್ಮಂಗೆ ನೀವೇ ಹೇಳ್ಬೇಕು."

ನಾನು ದೊಡ್ಡವನ ಗತ್ತಿನಲ್ಲಿ ಕೇಳಿದೆ, "ಎಷ್ಟು ತಿಂಗಳ ಖರ್ಚು ಕೈಯಲ್ಲಿದೆ?"

"ಎಂಟು."

ನಾನು ಬಿಡುವಾಗ ನನ್ನ ಹತ್ತಿರ ಮೂರು ತಿಂಗಳದ್ದು ಇತ್ತು. ಅದನ್ನು ಹೇಳಲಿಲ್ಲ. ಬದಲಿಗೆ ಜಾಹೀರಾತಿನ ಕಥೆ, ವೈನ್ ಕಥೆ, ಜನವರಿ ಕಥೆ ಎಲ್ಲಾ ಹೇಳಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ, "ನಂಗೆ ಜಾಹೀರಾತಿಂದ ಏನೂ ಬರಲ್ಲ ಮಾಮ" ಅಂದ. ಅವನಿಗೆ ಬರುವುದು ಮೆಂಬರ್‌ಶಿಪ್‌ನಿಂದ. ಪ್ರತಿ ತಿಂಗಳು ದುಡ್ಡು ಕಟ್ಟುವ ನೂರಾ ಚಿಲ್ಲರೆ ಜನ. ಅರ್ಧದಷ್ಟು ಜನರ ಹೆಸರು ಅವನಿಗೆ ಬಾಯಿಪಾಠ. ಯಾರಿಗೆ ಪರೀಕ್ಷೆ, ಯಾರಿಗೆ ರಾತ್ರಿ ಪಾಳಿ, ಯಾರ ನಾಯಿ ಸತ್ತಿತು, ಎಲ್ಲಾ ಗೊತ್ತು. ಗೇಮ್ ಅನ್ನುವುದು ಒಂದು ನೆಪ. ಜನ ಬಂದು ಅವನ ಜೊತೆ ಕೂತಿರುತ್ತಾರೆ, ಅಷ್ಟೇ.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ: "ನಿಮ್ಮ ಫ್ಯಾನ್ ವಿಡಿಯೋ ನೋಡೋರಿಗೆ ನೀವು ಯಾರು ಅಂತ ಗೊತ್ತಾ ಮಾಮ?"

ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಅದಕ್ಕೇ ಜಾಸ್ತಿ ಚುಚ್ಚಿತು.

ಗೊತ್ತಿಲ್ಲ. ಗೊತ್ತಿರಲು ಸಾಧ್ಯವೂ ಇಲ್ಲ. ಅವರಿಗೆ ಬೇಕಿದ್ದಿದ್ದು ಉತ್ತರ. ಸಿಕ್ಕಿತು, ಹೋದರು. ಇಷ್ಟು ವರ್ಷ ವಿಡಿಯೋದಲ್ಲಿ ಎರಡು ಬೇರೆ ಬೇರೆ ಸರಕುಗಳು ಒಂದೇ ಗಾಡಿಯಲ್ಲಿ ಹೋಗುತ್ತಿದ್ದವು. ಒಂದು ಉತ್ತರ, ಇನ್ನೊಂದು ಸಹವಾಸ. ಎರಡಕ್ಕೂ ಜಾಹೀರಾತು ಒಂದೇ ರೀತಿ ಅಂಟುತ್ತಿದ್ದರಿಂದ ನಾವು ಅವನ್ನು ಒಂದೇ ಕಸುಬು ಅಂದುಕೊಂಡಿದ್ದೆವು. ಈಗ ಗಾಡಿ ಬೇರೆಯಾಗಿದೆ. ಉತ್ತರದ ಬೆಲೆ ಸೊನ್ನೆಯ ಕಡೆ ಜಾರುತ್ತಿದೆ. ದುಡ್ಡು ಪೂರ್ತಿ ಸಹವಾಸದ ಕಡೆ ಸರಿಯುತ್ತಿದೆ.

ಒಟ್ಟು ದುಡ್ಡೇನೂ ಕಮ್ಮಿಯಾಗಿಲ್ಲ ನೋಡಿ. 2024ರಲ್ಲಿ ಯೂಟ್ಯೂಬ್‌ಗೆ ಜಾಹೀರಾತಿನಿಂದಲೇ 3,600 ಕೋಟಿ ಡಾಲರ್ ಬಂದಿದೆ. ನಾಲ್ಕು ವರ್ಷದಲ್ಲಿ ವಿಡಿಯೋ ಮಾಡುವವರಿಗೆ, ಕಲಾವಿದರಿಗೆ, ಮಾಧ್ಯಮ ಸಂಸ್ಥೆಗಳಿಗೆ ಸೇರಿ 10,000 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟಿದ್ದೇವೆ ಅಂತ 2025ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಹೇಳಿದೆ. ವಿಡಿಯೋದ ಕಾಲ ಮುಗಿಯಿತು ಅಂತ ಯಾರಾದರೂ ಅಂದರೆ ನಂಬಬೇಡಿ. ಹೊಳೆಯಲ್ಲಿ ನೀರು ಏರುತ್ತಲೇ ಇದೆ. ಅದು ನನ್ನ ಗದ್ದೆಯ ಪಕ್ಕ ಹರಿಯುತ್ತಿಲ್ಲ, ಅಷ್ಟೇ.

ನೋಡುವವರೇ ನೇರವಾಗಿ ಕೊಡುವುದು ಅನ್ನುವ ಯೋಚನೆ ಹೊಸದಲ್ಲ. ಜ್ಯಾಕ್ ಕಾಂಟೆ ಅನ್ನುವ ಸಂಗೀತಗಾರ 2013ರಲ್ಲಿ ಸ್ಯಾಮ್ ಯಾಮ್ ಜೊತೆ ಸೇರಿ ಪೇಟ್ರಿಯಾನ್ ಶುರು ಮಾಡಿದ್ದು ಇದೇ ಸಿಟ್ಟಿಗೆ. ಒಂದು ವಿಡಿಯೋಗೆ ತಿಂಗಳುಗಟ್ಟಲೆ ಸಮಯ, ಸಾವಿರಾರು ಡಾಲರ್ ಸುರಿದಿದ್ದ. ಜಾಹೀರಾತಿನಿಂದ ಬರುವುದು ಅದರ ಮುಂದೆ ಚಿಲ್ಲರೆ ಕಾಸು. ಇಷ್ಟಪಟ್ಟು ನೋಡುವವರು ತಿಂಗಳಿಗಿಷ್ಟು ಅಂತ ಯಾಕೆ ಕೊಡಬಾರದು ಅಂದುಕೊಂಡ. ಈಗ ಎಲ್ಲಾ ಕಡೆ ಅದೇ ಪದ್ಧತಿ ಬಂದಿದೆ. 2023ರ ಜೂನ್‌ನಿಂದ ಯೂಟ್ಯೂಬ್‌ನಲ್ಲಿ 500 ಸಬ್‌ಸ್ಕ್ರೈಬರ್ ಇದ್ದರೂ ಮೆಂಬರ್‌ಶಿಪ್ ತೆರೆಯಬಹುದು. ನೋಡಿದ ಗಂಟೆಗಳ ಲೆಕ್ಕ ಬೇರೆ ಇದೆ, ಅದೂ ಮೊದಲಿಗಿಂತ ಕಮ್ಮಿ. ಬಾಗಿಲು ದೊಡ್ಡದಾಗಿದೆ. ಆದರೆ ಒಳಗೆ ಕೂತು ಮಾತಾಡುವವರು ಬೇಕಲ್ಲ.

ನನಗೆ ಇಲ್ಲೇ ತೊಡಕು. ನಾನು ಮಾತಿನ ಮಲ್ಲ ಅಲ್ಲ. ಕ್ಯಾಮೆರಾ ಮುಂದೆ ಮುಖ ತಂದರೆ ಬಾಯಿ ಒಣಗುತ್ತದೆ. ಕೈ ಮಾತ್ರ ತೋರಿಸಿ ಬದುಕಬಹುದಾಗಿದ್ದ ಕಾಲದಲ್ಲಿ ನನ್ನಂಥವರಿಗೂ ಒಂದು ಜಾಗ ಇತ್ತು. ಕೆಲಸ ಗೊತ್ತಿದ್ದೂ ನಾಚಿಕೆ ಸ್ವಭಾವದವರು, ಚಂದ ಇಲ್ಲದವರು, ತೊದಲುವವರು, ವಯಸ್ಸಾದವರು. ಒಬ್ಬರು ಬರೀ ಹಳೆ ಹೊಲಿಗೆ ಯಂತ್ರಗಳ ದಾರ ಸಿಕ್ಕು ಬಿಡಿಸುವುದು ತೋರಿಸುತ್ತಿದ್ದರು. ಒಂದು ಮಾತೂ ಇಲ್ಲ, ಬೆರಳಿನ ಉಗುರಲ್ಲಿ ಎಣ್ಣೆ. ಈಗ ಹಾಕುವುದನ್ನೇ ನಿಲ್ಲಿಸಿದ್ದಾರೆ. ಯಾಕೆ ಅಂತ ಎಲ್ಲೂ ಬರೆದಿಲ್ಲ. ಬರೆಯುವ ಜಾತಿಯವರೂ ಅಲ್ಲ ಅನ್ನಿಸುತ್ತದೆ.

ಸಹವಾಸದ ದುಡ್ಡಿಗೆ ಇನ್ನೊಂದು ಕಾಟ ಇದೆ. ಅದಕ್ಕೆ ರಜೆ ಇಲ್ಲ. ನನ್ನ ಫ್ಯಾನ್ ವಿಡಿಯೋ ನಾನು ಜ್ವರದಲ್ಲಿದ್ದಾಗಲೂ ದುಡಿಯಿತು. ಅಕ್ಕನ ಮಗ ಹತ್ತು ದಿನ ಲೈವ್ ಬರದಿದ್ದರೆ ಹತ್ತನೇ ದಿನ ಮೆಂಬರ್‌ಗಳು ಕಳಚಿಕೊಳ್ಳಲು ಶುರು ಮಾಡುತ್ತಾರೆ. ಅವನಿಗೂ ಅದು ಗೊತ್ತು. ಗಂಟಲು ಕೆಟ್ಟಿದ್ದರೂ ಕೂತಿರುತ್ತಾನೆ. ಇಪ್ಪತ್ತಮೂರಕ್ಕೆ ಸರಿ. ನಲವತ್ತಕ್ಕೆ? ನಾನು ಕೇಳಲಿಲ್ಲ. ಅಕ್ಕನ ಹತ್ತಿರ ಮಾತಾಡುತ್ತೇನೆ ಅಂತ ಮಾತ್ರ ಒಪ್ಪಿಕೊಂಡೆ.

ಅವನ ಒತ್ತಾಯಕ್ಕೇ ಹೋದ ತಿಂಗಳು ನಾನೂ ಒಂದು ಲೈವ್ ಇಟ್ಟೆ. ಕೆಟ್ಟ ವಸ್ತು ಎದುರಿಗಿಟ್ಟುಕೊಂಡು ಬನ್ನಿ, ಜೊತೆಗೆ ನೋಡೋಣ ಅಂತ. ಮುಖ ತೋರಿಸಲಿಲ್ಲ. ಕ್ಯಾಮೆರಾ ಮೇಜಿನ ಕಡೆ ತಿರುಗಿಸಿ ಕೈ ಮಾತ್ರ ಇಟ್ಟೆ. ಒಂಬತ್ತು ಜನ ಬಂದರು. ಐದು ನಿಮಿಷಕ್ಕೆ ಮೂವರಾದರು. ಅವರಲ್ಲಿ ಒಬ್ಬ ಅಕ್ಕನ ಮಗ.

ಇನ್ನೊಬ್ಬರು ಹಿರಿಯರು, ದನಿಯಲ್ಲೇ ಗೊತ್ತಾಗುತ್ತಿತ್ತು. ವಿಡಿಯೋ ಕಾಲ್‌ನಲ್ಲಿ ಒಳಗೆ ಬಂದರು. ಫ್ಯಾನ್ ಇಳಿಸಿ ಮೇಜಿನ ಮೇಲೆ ಇಟ್ಟಿದ್ದರು. ಎಐ ಹೇಳಿದ ಹಾಗೇ ಎಲ್ಲಾ ಬಿಚ್ಚಿದೆ, ಆದರೆ ಕೆಂಪು ವೈರ್ ಯಾವುದು ಗೊತ್ತಾಗ್ತಿಲ್ಲ ಅಂದರು. ಫೋನ್ ಹತ್ತಿರ ಹಿಡಿದರು. ಹಳೆ ಫ್ಯಾನು. ಮೂರೂ ವೈರ್ ಬಿಸಿಗೆ, ಧೂಳಿಗೆ ಮಾಸಿ ಒಂದೇ ಬಣ್ಣವಾಗಿದ್ದವು. ಒಣ ಎಲೆಯ ಬಣ್ಣ.

"ಮೀಟರ್ ಇದೆಯಾ ಸರ್?"

ಪಕ್ಕದ ಮನೆಯಿಂದ ತಂದರು. ಅಷ್ಟು ಹೊತ್ತು ನಾವು ಮೂರು ಜನ ಅವರ ಮನೆಯ ಖಾಲಿ ಮೇಜು ನೋಡುತ್ತಾ ಕೂತಿದ್ದೆವು. ಕೆಪಾಸಿಟರ್ ಪೂರ್ತಿ ಕಳಚಿಸಿದೆ. ಪ್ಲಗ್ ಎಲ್ಲೂ ಸಿಕ್ಕಿಸಿಲ್ಲ ಅಂತ ಎರಡು ಸಲ ಕೇಳಿದೆ. ವೈರ್‌ಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನ ಗುರುತು ಕಟ್ಟಿಸಿದೆ. ಒಂದು ಕ್ಲಿಪ್, ಎರಡು ಕ್ಲಿಪ್, ಮೂರು ಕ್ಲಿಪ್. ಅವರು ಒಂದೊಂದೇ ಓದಿದರು. ಒಂದು ಎರಡರ ನಡುವೆ 168. ಒಂದು ಮೂರರ ನಡುವೆ 174. ಎರಡು ಮೂರರ ನಡುವೆ 342. ಹಾಗಾದರೆ ಒಂದು ಕ್ಲಿಪ್ಪಿನದೇ ಕಾಮನ್ ಅಂದೆ. ಕೂಡಿ ನೋಡಿ, 168ಕ್ಕೆ 174 ಸೇರಿಸಿದರೆ 342 ಅಂತ ಅಕ್ಕನ ಮಗ ಚಾಟ್‌ನಲ್ಲಿ ಬರೆದ. ಅವನಿಗೆ ಇದು ಹೊಸದು.

ಹೊಸ ಕೆಪಾಸಿಟರ್ ಕೂರಿಸಿ, ಟೇಪ್ ಸುತ್ತಿ, ಮೇಲೆ ನೇತುಹಾಕುವಷ್ಟರಲ್ಲಿ ಒಂದೂಕಾಲು ಗಂಟೆ ಆಗಿತ್ತು. ಸ್ವಿಚ್ ಹಾಕಿದರು. ಫ್ಯಾನ್ ಸೊಗಸಾಗಿ ವೇಗ ಹಿಡಿಯಿತು. ನಾನು ಇಲ್ಲಿ ಕೂತು ಚಪ್ಪಾಳೆ ಹೊಡೆದೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಂಕೋಚದಿಂದ ಕೇಳಿದರು.

"ತಿರುಗ್ತಾ ಇದೆ ಸರ್. ಆದರೆ ಗಾಳಿ ಕೆಳಗೆ ಬರ್ತಿಲ್ಲ."

ಉಲ್ಟಾ ತಿರುಗುತ್ತಿತ್ತು. ಎರಡು ಮತ್ತು ಮೂರು ಅದಲು ಬದಲು ಮಾಡಬೇಕು, ಅಷ್ಟೇ. ಮೊದಲು ಸ್ವಿಚ್ ಆಫ್ ಮಾಡಿ, ಮೇನ್ ಕೂಡ, ಅಂದೆ. ಅವರು ಮತ್ತೆ ಸ್ಟೂಲ್ ಎಳೆದುಕೊಂಡರು.